ಬೆಂಕಿ ರೋಗ: ಒಣಗಿದ ಗದ್ದೆಗೆಲ್ಲ ಒಂದೇ ಹೆಸರೇ?

ಭತ್ತದ ಎಲೆ ಒಣಗಿತೆಂದರೆ ಸಾಕು, ಕಾರಣ ಯಾವುದೇ ಇರಲಿ, ‘ಬೆಂಕಿ ರೋಗದ ಹಾವಳಿ’ ಎಂದು ಬರೆದುಬಿಡುವ ರೂಢಿ ಬಲವಾಗಿ ಬೇರೂರಿದೆ. ಕಂದು ಜಿಗಿಹುಳು ರಸ ಹೀರಿ ದುಂಡನೆಯ ತೇಪೆಗಳಾಗಿ ಒಣಗಿಸಿದ ಗದ್ದೆಗೂ, ದುಂಡಾಣು (ಬ್ಯಾಕ್ಟೀರಿಯಾ) ತರುವ ಅಂಗಮಾರಿ ರೋಗದಿಂದ ತುದಿ ಮತ್ತು ಅಂಚು ಬಿಳಿಚಿಕೊಂಡ ಎಲೆಗೂ ಇದೇ ಹೆಸರನ್ನು ಅಂಟಿಸಲಾಗುತ್ತದೆ. ಬೆಂಕಿ ರೋಗವೆಂಬುದು ಪೈರಿಕ್ಯುಲೇರಿಯಾ ಒರೈಜೆ ಎಂಬ ಶಿಲೀಂಧ್ರದಿಂದ ಬರುವ ಒಂದು ನಿರ್ದಿಷ್ಟ ರೋಗ. ಎಲೆಯ ಮೇಲೆ ಬೂದು ನಡುಭಾಗ ಮತ್ತು ಕಂದು ಅಂಚುಳ್ಳ, ಎರಡೂ ತುದಿ ಚೂಪಾದ ಕದಿರಿನಾಕಾರದ ಚುಕ್ಕೆ ಅದರ ಗುರುತು.

ಗೊಂದಲದ ಬೇರು ಹೆಸರಿನಲ್ಲಿಯೇ ಇದೆ. ಚುಕ್ಕೆಗಳು ಕೂಡಿಕೊಂಡು ಗದ್ದೆಯೇ ಸುಟ್ಟಂತೆ ಕಾಣುವುದರಿಂದ ನಮ್ಮಲ್ಲಿ ಇದು ಬೆಂಕಿಯಾಯಿತು. ಹಾಗೆ ಕಂಡದ್ದು ನಮಗೊಬ್ಬರಿಗೇ ಅಲ್ಲ: ಇಟಲಿಯವರು ಇದನ್ನು ಕರೆಯುವ ‘ಬ್ರುಜೋನೆ’ ಎಂಬ ಪದದಲ್ಲಿಯೂ ಸುಡುವ ಅರ್ಥವಿದೆ, 1637ರ ಚೀನೀ ಬರಹವೊಂದು ಇದನ್ನು ಭತ್ತಕ್ಕೆ ಬರುವ ಜ್ವರವೆಂದು ವರ್ಣಿಸಿದೆ. ಶಿಲೀಂಧ್ರದ ಹೆಸರಿನಲ್ಲಿಯೂ ಬೆಂಕಿಯನ್ನು ಹುಡುಕುವವರಿಗೆ ಮಾತ್ರ ನಿರಾಸೆ ಕಾದಿದೆ. ‘ಪೈರಿಕ್ಯುಲೇರಿಯಾ’ ಹುಟ್ಟಿದ್ದು ಪೇರ್ ಹಣ್ಣಿನ ಲ್ಯಾಟಿನ್ ಹೆಸರಿನಿಂದ, ಏಕೆಂದರೆ ಅದರ ಬೀಜಕಣಗಳು ಆ ಹಣ್ಣಿನ ಆಕಾರದಲ್ಲಿವೆ. (ನಮ್ಮ ‘ಪೈರಿ’ಗೂ ಅದಕ್ಕೂ ನಂಟಿಲ್ಲ.) ಇನ್ನು ‘ಅಂಗಮಾರಿ’ಯ ಕಥೆ ಬೇರೆಯೇ. ದುಂಡಾಣುವಿನಿಂದ ಬರುವ ಎಲೆ ರೋಗಕ್ಕೂ, ರೈಜೊಕ್ಟೋನಿಯಾ ಎಂಬ ಶಿಲೀಂಧ್ರದಿಂದ ಎಲೆಕವಚಕ್ಕೆ (ಕಾಂಡವನ್ನು ಸುತ್ತಿಕೊಂಡಿರುವ ಎಲೆಯ ಬುಡಭಾಗಕ್ಕೆ) ಬರುವ ರೋಗಕ್ಕೂ ಅದೇ ಪದ ಸಲ್ಲುವುದರಿಂದ, ಮುಂದೆ ವಿಶೇಷಣವಿಲ್ಲದೆ ಬರಿಯ ‘ಅಂಗಮಾರಿ’ ಎಂದರೆ ಏನನ್ನೂ ಹೇಳಿದಂತಾಗುವುದಿಲ್ಲ.

ಹೆಸರು ಏನಾದರೇನು ಎನ್ನುವವರು ಗದ್ದೆಯ ನೀರಿನ ವಿಷಯವನ್ನು ಗಮನಿಸಬೇಕು. ಜಿಗಿಹುಳು ಹೆಚ್ಚಿದಾಗ ನೀರು ಬಸಿದು ಬುಡಕ್ಕೆ ಗಾಳಿಯಾಡಲು ಬಿಡಬೇಕು. ದುಂಡಾಣು ಅಂಗಮಾರಿಯಲ್ಲಿಯೂ ನೀರು ಬಸಿಯುವುದೇ ಸರಿ. ಬೆಂಕಿ ರೋಗಕ್ಕೆ ಇದು ತದ್ವಿರುದ್ಧ, ಏಕೆಂದರೆ ನೀರಿಲ್ಲದೆ ಬಾಡಿದ ಪೈರಿಗೇ ಆ ರೋಗ ಹೆಚ್ಚು ಬಲವಾಗಿ ತಗಲುತ್ತದೆ. ಯೂರಿಯಾ ಹೆಚ್ಚಾದರೆ ಮೂರೂ ಉಲ್ಬಣಿಸುತ್ತವೆ ಎಂಬುದಷ್ಟೇ ಇಲ್ಲಿ ಸಮಾನವಾದ ಮಾತು. ಬೆಂಕಿ ರೋಗಕ್ಕೆಂದು ಹೊಡೆಯುವ ಶಿಲೀಂಧ್ರನಾಶಕವಂತೂ ದುಂಡಾಣುವಿಗೂ ಹುಳುವಿಗೂ ತಾಗುವುದಿಲ್ಲ. ಅನುಮಾನವಿದ್ದರೆ ರೋಗದ ಎಲೆಯನ್ನು ಕತ್ತರಿಸಿ, ಕತ್ತರಿಸಿದ ತುದಿಯನ್ನು ತಿಳಿನೀರಿನ ಗಾಜಿನ ಲೋಟದಲ್ಲಿ ಅದ್ದಿ ನೋಡಬಹುದು: ತುದಿಯಿಂದ ಹಾಲಿನಂತಹ ಎಳೆ ಇಳಿದರೆ ಅದು ದುಂಡಾಣು. ಜಿಗಿಹುಳುವಾದರೆ ಪೈರಿನ ಬುಡವನ್ನು ಬಗ್ಗಿ ನೋಡಿದರೆ ಸಾಕು, ಹುಳುಗಳೇ ಕಾಣುತ್ತವೆ.

‘ರೋಗನಿರೋಧಕ ತಳಿ’ ಎಂಬ ಮಾತೂ ಇಷ್ಟೇ ಸಡಿಲವಾಗಿದೆ. 2008ರಲ್ಲಿ ಬಿಡುಗಡೆಯಾದ ಸುಧಾರಿತ ಸಾಂಬಾ ಮಸೂರಿಗೆ ಮೂರು ನಿರೋಧಕ ಜೀನುಗಳನ್ನು ಸೇರಿಸಿರುವುದು ದುಂಡಾಣು ಅಂಗಮಾರಿಯನ್ನು ತಡೆಯಲು. ಅದನ್ನು ಬೆಂಕಿ ರೋಗಕ್ಕೆ ಅಭೇದ್ಯವೆಂದು ತಿಳಿದು ಮಲೆನಾಡಿನಲ್ಲಿ ನಾಟಿ ಮಾಡುವುದು ಆ ತಳಿಗೆ ಮಾಡುವ ಅನ್ಯಾಯ. ಅಲ್ಲಿ ರಾತ್ರಿ 20 ಡಿಗ್ರಿಯ ಆಸುಪಾಸಿನ ತಂಪು, ಬೆಳಗಿನವರೆಗೂ ಆರದ ಇಬ್ಬನಿ, ಮೋಡ ಕವಿದ ದಿನಗಳು, ಇವೆಲ್ಲ ಬೆಂಕಿ ರೋಗಕ್ಕೆ ಹೇಳಿ ಮಾಡಿಸಿದಂತಿವೆ.

ಬೆಂಕಿ ರೋಗಕ್ಕೆ ಸಾಮಾನ್ಯವಾಗಿ ಶಿಫಾರಸಾಗುವ ಟ್ರೈಸೈಕ್ಲಜೋಲ್ ಎಂಬ ಶಿಲೀಂಧ್ರನಾಶಕದ ಶೇ. 75ರ ಪುಡಿಯನ್ನು ಲೀಟರ್ ನೀರಿಗೆ 0.6 ಗ್ರಾಂನಂತೆ ಬೆರೆಸುತ್ತಾರೆ. ಇದನ್ನು ‘ರೋಗ ವಾಸಿ ಮಾಡುವ ಔಷಧಿ’ ಎನ್ನುವುದು ತಪ್ಪು. ಎಲೆಯ ಮೇಲೆ ಕುಳಿತ ಬೀಜಕಣವು ಮೊಳೆತು, ಒಂದು ಕಪ್ಪು ಗುಳ್ಳೆಯನ್ನು ಕಟ್ಟಿಕೊಂಡು, ಅದರೊಳಗೆ ಕಾರಿನ ಟೈರಿನ ಗಾಳಿಗಿಂತ ಮೂವತ್ತು ಪಟ್ಟಿಗೂ ಮಿಕ್ಕಿದ ಒತ್ತಡವನ್ನು ತುಂಬಿ ಎಲೆಯ ಹೊರಪದರವನ್ನು ಭೇದಿಸುತ್ತದೆ. ಆ ಗುಳ್ಳೆಯ ಗೋಡೆಗೆ ಬೇಕಾದ ಮೆಲನಿನ್ ಎಂಬ ಕಪ್ಪು ವರ್ಣದ್ರವ್ಯ ತಯಾರಾಗದಂತೆ ಈ ರಾಸಾಯನಿಕ ತಡೆಯುತ್ತದೆ. ಶಿಲೀಂಧ್ರ ಎಲೆಯ ಒಳಹೊಕ್ಕ ಮೇಲೆ ಈ ರಾಸಾಯನಿಕದ ಕೆಲಸ ಬಹುತೇಕ ಮುಗಿದಂತೆ. ಆದ್ದರಿಂದಲೇ ತೆನೆಯ ಕುತ್ತಿಗೆಗೆ ಬರುವ ಬೆಂಕಿ ರೋಗವನ್ನು ತಡೆಯುವ ಸಿಂಪರಣೆಯು ಹೊಡೆ ಬಿರಿದು ತೆನೆ ಹೊರಡುವ ಹೊತ್ತಿಗೆ ಆಗಿರಬೇಕು. ಕುತ್ತಿಗೆ ಕಪ್ಪಾಗಿ ತೆನೆ ಜೊಳ್ಳಾದ ಬಳಿಕ ಹೊಡೆದ ಔಷಧಿಯು ಖರ್ಚಿನ ಪಟ್ಟಿಗಷ್ಟೇ ಸೇರುತ್ತದೆ.