ಸ್ಟಾಕ್ ಇಲ್ಲದ ದಿನಗಳ ಲೆಕ್ಕ

ಕಾಫಿ, ಅಡಿಕೆ ತೋಟಗಳಿಗೆ ಬೇಕಾದ ಗೊಬ್ಬರ, ಔಷಧಿ, ಸಲಕರಣೆಗಳನ್ನು ಮಾರುವ ಚಿಕ್ಕಮಗಳೂರು ಜಿಲ್ಲೆಯ ಅಂಗಡಿಗಳಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರ್ ಇಲ್ಲದವು ಈಗ ಕಡಿಮೆ. ಆದರೂ ಮಳೆ ಹಿಡಿಯುವ ಹೊತ್ತಿಗೆ ಸರಿಯಾಗಿ ಮೈಲುತುತ್ತ (ಅಡಿಕೆಗೆ ಹೊಡೆಯುವ ಔಷಧಿಗೆ ಬೇಕಾದ ತಾಮ್ರದ ಸಲ್ಫೇಟ್) ಮುಗಿದಿರುತ್ತದೆ, ಯಾರೂ ಕೇಳದ ಸರಕು ಗೋದಾಮಿನಲ್ಲಿ ಬಿದ್ದಿರುತ್ತದೆ. ಸಲಹೆ ಕೇಳಿ ಬರುವ ಮಾಲೀಕರು ಸಾಮಾನ್ಯವಾಗಿ ಡಿಸ್ಟ್ರಿಬ್ಯೂಟರನ್ನು ದೂರುತ್ತಾರೆ. ಆ ದೂರಿನಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ ತೊಂದರೆಯ ಬೇರು ಹೆಚ್ಚಾಗಿ ಅಂಗಡಿಯ ಲೆಕ್ಕದಲ್ಲೇ ಇರುತ್ತದೆ.

ಬಿಲ್ಲಿನಲ್ಲಿ ದಾಖಲಾಗುವುದು ಮಾರಾಟ ಮಾತ್ರ. ಸರಕಿಲ್ಲದ ದಿನ ಬಂದು, “ನಾಳೆ ಲೋಡ್ ಬರುತ್ತೆ ಅಣ್ಣ” ಎಂಬ ಮಾತು ಕೇಳಿ ಪಕ್ಕದ ಅಂಗಡಿಗೆ ಹೋದ ಬೆಳೆಗಾರನ ಬೇಡಿಕೆ ಎಲ್ಲಿಯೂ ಬರೆದಿರುವುದಿಲ್ಲ. ಜೂನ್ ತಿಂಗಳ 30 ದಿನಗಳಲ್ಲಿ 36 ಚೀಲ ಮೈಲುತುತ್ತ ಮಾರಾಟವಾಯಿತು ಎನ್ನೋಣ. ಸಾಫ್ಟ್‌ವೇರ್ ದಿನಕ್ಕೆ 1.2 ಚೀಲ ಎಂಬ ಸರಾಸರಿ ತೋರಿಸುತ್ತದೆ. ಸ್ಟಾಕ್ ಪುಸ್ತಕ ತೆರೆದರೆ ಸರಕು ಇದ್ದದ್ದು 18 ದಿನ ಮಾತ್ರ ಎಂದು ಗೊತ್ತಾಗುತ್ತದೆ. ಆ ಲೆಕ್ಕದಲ್ಲಿ ಬೇಡಿಕೆ ದಿನಕ್ಕೆ 2 ಚೀಲ. ಲೋಡ್ ಬಂದ ಮೊದಲ ದಿನ ಹಿಂದಿನ ಬಾಕಿ ಗಿರಾಕಿಗಳೆಲ್ಲ ಒಮ್ಮೆಗೇ ಬರುವುದರಿಂದ ಈ ಅಂಕಿ ತುಸು ಉಬ್ಬಿರಬಹುದು, ಅಷ್ಟನ್ನು ಕಳೆಯಬೇಕು. ಆದರೆ 1.2 ಎಂಬುದಂತೂ ತಪ್ಪು. ಆ ತಪ್ಪು ಅಂಕಿಯನ್ನೇ ನಂಬಿ ಮುಂದಿನ ವರ್ಷವೂ ಕಡಿಮೆ ತರಿಸಿದರೆ ಮಾರಾಟವೂ ಕಡಿಮೆಯೇ ಆಗುತ್ತದೆ, ಲೆಕ್ಕ ಸರಿಯಾಗಿತ್ತು ಎಂದೂ ಅನ್ನಿಸುತ್ತದೆ.

ಇನ್ನೊಂದು ಪ್ರಶ್ನೆ, ಎಷ್ಟು ಉಳಿದಾಗ ಆರ್ಡರ್ ಕೊಡಬೇಕೆಂಬುದು. ಸರಕು ತಲುಪಲು ಸಾಮಾನ್ಯವಾಗಿ 6 ದಿನ ಹಿಡಿಯುವುದಾದರೆ 12 ಚೀಲ ಉಳಿದಾಗ ಆರ್ಡರ್ ಹೋಗಬೇಕು. ಮಲೆನಾಡಿನ ಮಳೆಗಾಲಕ್ಕೆ ಈ ‘ಸಾಮಾನ್ಯ’ ಅನ್ವಯಿಸುವುದಿಲ್ಲ. 2018ರ ಆಗಸ್ಟ್‌ನಲ್ಲಿ ಶಿರಾಡಿ ಘಾಟಿ, 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿ ಭೂಕುಸಿತದಿಂದ ಬಂದ್ ಆದದ್ದನ್ನು ಮಂಗಳೂರು ಕಡೆಯಿಂದ ಸರಕು ತರಿಸುವವರು ಮರೆತಿರಲಾರರು. ಅಂಥ ವರ್ಷವನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬೇಕಿಲ್ಲ; ಹಿಂದಿನ ಎರಡು ಮೂರು ಮಳೆಗಾಲಗಳ ಲಾರಿ ರಸೀದಿಗಳಲ್ಲಿ ಅತಿ ತಡವಾಗಿ ಬಂದ ಲೋಡಿಗೆ ಎಷ್ಟು ದಿನ ಹಿಡಿದಿದೆ ಎಂದು ನೋಡಿದರೆ ಸಾಕು. ಅದು 10 ದಿನವಾದರೆ ಆರ್ಡರಿನ ಗೆರೆ 20 ಚೀಲಕ್ಕೆ ಏರಬೇಕು, ಅಕ್ಟೋಬರ್ ಕಳೆದ ಮೇಲೆ ಇಳಿಯಬೇಕು. ವರ್ಷಕ್ಕೆಲ್ಲ ಒಂದೇ ಗೆರೆ ಇಟ್ಟವರಿಗೆ ಬೇಸಿಗೆಯಲ್ಲಿ ಹಣ ಕಟ್ಟಿಬೀಳುತ್ತದೆ, ಮಳೆಗಾಲದಲ್ಲಿ ಗಿರಾಕಿ ಕೈತಪ್ಪುತ್ತಾನೆ.

ಮೈಲುತುತ್ತದ ಬೇಡಿಕೆಯಲ್ಲಿ ಒಂದು ಅನುಕೂಲವೂ ಇದೆ. ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಬೇಕು; ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಮೊದಲು, ಎರಡನೆಯದು 40ರಿಂದ 45 ದಿನಗಳ ನಂತರ. ಹಾಗಾಗಿ ಮೊದಲ ಸುತ್ತಿನ ಬಿಲ್ಲುಗಳನ್ನು ತಾರೀಖಿನ ಪ್ರಕಾರ ಜೋಡಿಸಿದರೆ ಎರಡನೆಯ ಸುತ್ತಿನಲ್ಲಿ ಯಾವ ವಾರ ಎಷ್ಟು ಹೋಗಬಹುದೆಂಬ ಅಂದಾಜು ತಿಂಗಳಿಗೂ ಮೊದಲೇ ಸಿಗುತ್ತದೆ. ಮಳೆ ಬಿಡುವು ಕೊಟ್ಟ ಎರಡು ದಿನಗಳಲ್ಲಿ ಎಲ್ಲ ತೋಟದವರೂ ಒಟ್ಟಿಗೆ ಬರುತ್ತಾರಾದ್ದರಿಂದ ಇಲ್ಲಿ ದಿನದ ಸರಾಸರಿಗಿಂತ ವಾರದ ಮೊತ್ತ ಹೆಚ್ಚು ಉಪಯುಕ್ತ. ಒಮ್ಮೆಗೆ ಎಷ್ಟು ತರಿಸಿದರೆ ಖರ್ಚು ಕಡಿಮೆ ಎಂಬುದಕ್ಕೆ ಅಮೆರಿಕದ ಎಂಜಿನಿಯರ್ ಫೋರ್ಡ್ ಹ್ಯಾರಿಸ್ 1913ರಲ್ಲಿ ಕೊಟ್ಟ ಸೂತ್ರ ಇಂದಿಗೂ ಬಳಕೆಯಲ್ಲಿದೆ. ಅದು ಬೇಡಿಕೆ ಒಂದೇ ಸಮನೆ ಇರುತ್ತದೆಂದು ಭಾವಿಸುವುದರಿಂದ ಕತ್ತಿ, ಪೈಪುಗಳಂಥ ವರ್ಷವಿಡೀ ಹೋಗುವ ಸರಕಿಗೆ ಹೊಂದುತ್ತದೆ, ಮೈಲುತುತ್ತಕ್ಕಲ್ಲ.

ಗೋದಾಮಿನಲ್ಲಿ ಇರುವುದನ್ನಷ್ಟೇ ಎಣಿಸಿ, ದಾರಿಯಲ್ಲಿರುವ ಲೋಡನ್ನು ಮರೆತು ಮತ್ತೆ ಆರ್ಡರ್ ಕೊಡುವ ರೂಢಿಯೂ ಇದೆ. ಗಾಬರಿಯಲ್ಲಿ ಇಬ್ಬರು ಡಿಸ್ಟ್ರಿಬ್ಯೂಟರುಗಳಿಗೆ ಒಂದೇ ಆರ್ಡರ್ ಕೊಟ್ಟರೆ ಅವರಿಗೆ ಬೇಡಿಕೆ ಎರಡರಷ್ಟಾಗಿ ಕಾಣುತ್ತದೆ, ಅವರು ಕಂಪನಿಗೆ ಇನ್ನೂ ಹೆಚ್ಚು ಕೇಳುತ್ತಾರೆ, ಮಳೆ ಮುಗಿದ ಮೇಲೆ ಆ ಸರಕೆಲ್ಲ ರಿಯಾಯಿತಿಯ ಹೆಸರಿನಲ್ಲಿ ಇದೇ ಅಂಗಡಿಗಳ ಮೇಲೆ ಬಂದು ಬೀಳುತ್ತದೆ.

ಇದಕ್ಕೆಲ್ಲ ಹೊಸ ಸಾಫ್ಟ್‌ವೇರ್ ಬೇಕಿಲ್ಲ. ಗಲ್ಲಾ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟು, ಕೇಳಿದರೂ ಕೊಡಲಾಗದ ಸರಕು, ಪ್ರಮಾಣ, ತಾರೀಖು ಇಷ್ಟನ್ನು ಅಂಗಡಿ ಹುಡುಗನಿಂದ ಬರೆಸಿದರೆ ಆಯಿತು. ಕೊಡಲಾಗದ್ದನ್ನು ಬರೆದರೆ ಬೈಗುಳ ಬೀಳುತ್ತದೆಂದು ಹುಡುಗ ಹೆದರಿದರೆ ಪುಟ ಖಾಲಿಯೇ ಉಳಿಯುತ್ತದೆ. ಅದನ್ನು ಮಾಲೀಕರು ಮೊದಲೇ ಹೇಳಿ ಸರಿಪಡಿಸಿಕೊಳ್ಳಬೇಕು. ಒಂದು ಮಳೆಗಾಲದ ನೋಟ್‌ಬುಕ್ ಕೈಯಲ್ಲಿದ್ದರೆ ಏಪ್ರಿಲ್‌ನಲ್ಲಿ ಡಿಸ್ಟ್ರಿಬ್ಯೂಟರ್ ಜೊತೆ ಕೂತು ಯಾವ ವಾರ ಎಷ್ಟು ಚೀಲ ಬೇಕೆಂದು ಅಂಕಿ ಮುಂದಿಟ್ಟು ಮಾತಾಡಬಹುದು, ಮುಂಗಡ ಕೊಡುವವರು ದರವನ್ನೂ ಚೌಕಾಸಿ ಮಾಡಬಹುದು.