ಗಾಲ್ಫ್‌ನ ಪುಟ್ಟ ಪ್ರತಿಭೆಗಳು, ದೊಡ್ಡವರ ಆತುರ

ಅಮೆರಿಕದ ಬೆವರ್ಲಿ ಕ್ಲಾಸ್ 1967ರಲ್ಲಿ ಮಹಿಳೆಯರ ದೊಡ್ಡ ಗಾಲ್ಫ್ ಟೂರ್ನಿಯಾದ ಯು.ಎಸ್. ವಿಮೆನ್ಸ್ ಓಪನ್‌ನಲ್ಲಿ ಆಡಿದಾಗ ಅವಳಿಗೆ 10 ವರ್ಷ. ಆ ಟೂರ್ನಿಯಲ್ಲಿ ಅಷ್ಟು ಚಿಕ್ಕ ವಯಸ್ಸಿಗೆ ಆಡಿದವರು ಇವತ್ತಿಗೂ ಬೇರೆ ಯಾರೂ ಇಲ್ಲ. ಅಪ್ಪ ಅವಳನ್ನು ಆಗಲೇ ವೃತ್ತಿಪರ ಆಟಗಾರ್ತಿ ಮಾಡಿ, ದೊಡ್ಡ ಹೆಂಗಸರ ಜೊತೆ ಕಣಕ್ಕೆ ಇಳಿಸಿದ್ದರು. ಮನೆಯೊಳಗಿನ ಕಥೆ ಹೊರಗೆ ಬಂದದ್ದು ಬೆವರ್ಲಿ ದೊಡ್ಡವರಾದ ಮೇಲೆ. ಅಪ್ಪ ಬೆಲ್ಟಿನಲ್ಲಿ ಹೊಡೆಯುತ್ತಿದ್ದರು ಎಂದು ಅವರೇ ಹೇಳಿಕೊಂಡರು.

ಮಹಿಳಾ ವೃತ್ತಿಪರ ಗಾಲ್ಫ್ ನಡೆಸುವ ಎಲ್‌ಪಿಜಿಎ, ಬೆವರ್ಲಿ ಆಡಿದ ಮೇಲೆ, ಸದಸ್ಯರಾಗಲು 18 ವರ್ಷ ತುಂಬಿರಬೇಕು ಎಂಬ ನಿಯಮ ತಂದಿತು. ಒಳ್ಳೆಯ ನಿಯಮವೇ. ಆದರೆ ಅದು ಟೂರ್ನಿಯ ಗೇಟಿನ ಹತ್ತಿರ ಮಾತ್ರ ಕೆಲಸ ಮಾಡುತ್ತದೆ. ಮಗುವಿನ ಮೇಲೆ ಒತ್ತಡ ಬೀಳುವುದು ಅದಕ್ಕೂ ಬಹಳ ಮೊದಲು. ಮನೆಯಲ್ಲಿ, ಹೊಡೆತ ಅಭ್ಯಾಸ ಮಾಡುವ ಡ್ರೈವಿಂಗ್ ರೇಂಜಿನಲ್ಲಿ, ಪಂದ್ಯ ಸೋತು ಕಾರಿನಲ್ಲಿ ವಾಪಸ್ ಬರುವಾಗ. ಅಲ್ಲಿಗೆ ಯಾವ ನಿಯಮವೂ ಹೋಗುವುದಿಲ್ಲ.

ಒತ್ತಡ ಎಲ್ಲ ಆಟದಲ್ಲೂ ಇದೆ, ಅಲ್ವಾ? ಇದೆ. ಆದರೆ ಗಾಲ್ಫ್‌ನದ್ದು ಸ್ವಲ್ಪ ಬೇರೆ. ಒಂದು ಸುತ್ತು, ಅಂದರೆ ಚೆಂಡನ್ನು 18 ಹೋಲ್‌ಗಳಿಗೆ (ಕುಳಿಗಳಿಗೆ) ಹಾಕಿ ಮುಗಿಸಲು, ನಾಲ್ಕು ಗಂಟೆಗೂ ಜಾಸ್ತಿ ಬೇಕು. ಚೆಂಡಿಗೆ ಹೊಡೆಯುವುದು ಅದರಲ್ಲಿ ಕೆಲವೇ ನಿಮಿಷ. ಮಿಕ್ಕಿದ್ದೆಲ್ಲ ನಡಿಗೆ, ಹಿಂದಿನ ತಪ್ಪಿನ ಯೋಚನೆ. ತಪ್ಪು ಹಂಚಿಕೊಳ್ಳಲು ತಂಡ ಇಲ್ಲ. ಕಡಿಮೆ ಹೊಡೆತಗಳಲ್ಲಿ ಮುಗಿಸಿದವರೇ ಗೆಲ್ಲುವುದು, ಪ್ರತಿ ಹೊಡೆತವೂ ಲೆಕ್ಕಕ್ಕೆ ಬರುತ್ತದೆ. ಮಕ್ಕಳ ಅನೇಕ ಟೂರ್ನಿಗಳಲ್ಲಿ ಬ್ಯಾಗ್ ಹೊತ್ತು ಜೊತೆಗೆ ನಡೆಯುವ ಕ್ಯಾಡಿ ಅಪ್ಪ ಅಥವಾ ಅಮ್ಮನೇ. ಹಾಗಾಗಿ ಆ ನಾಲ್ಕು ಗಂಟೆ ಅವರ ಮುಖ ಪಕ್ಕದಲ್ಲೇ ಇರುತ್ತದೆ. ಕ್ಲಬ್ (ಚೆಂಡು ಹೊಡೆಯುವ ಕೋಲು), ಕೋಚ್, ಪ್ರಯಾಣ ಎಲ್ಲಕ್ಕೂ ದುಡ್ಡು ಸುರಿಯಬೇಕು. ಮನೆಯವರು ತನಗೆ ಎಷ್ಟು ಖರ್ಚು ಮಾಡುತ್ತಿದ್ದಾರೆ ಅನ್ನುವುದು ಮಗುವಿಗೆ ಬೇಗ ಗೊತ್ತಾಗುತ್ತದೆ.

ಈ ದಾರಿಯನ್ನು ಜಗತ್ತಿಗೆಲ್ಲ ಪರಿಚಯಿಸಿದ್ದು ಟೈಗರ್ ವುಡ್ಸ್ ಕಥೆ. 1978ರಲ್ಲಿ, ಎರಡು ವರ್ಷದ ಟೈಗರ್ ಅಮೆರಿಕದ ಟಿವಿ ಕಾರ್ಯಕ್ರಮವೊಂದರಲ್ಲಿ ಚೆಂಡು ಹೊಡೆದು ತೋರಿಸಿದ. ಅಪ್ಪ ಅರ್ಲ್ ವುಡ್ಸ್ ವಿಯೆಟ್ನಾಂ ಯುದ್ಧದಲ್ಲಿ ಹೋರಾಡಿದ ಸೈನಿಕ. ಮಗ ಸ್ವಿಂಗ್ ಮಾಡುವಾಗ ಜೇಬಿನ ಚಿಲ್ಲರೆ ಅಲ್ಲಾಡಿಸುತ್ತಿದ್ದರು, ಬ್ಯಾಗ್ ಧಡ್ ಅಂತ ಬೀಳಿಸುತ್ತಿದ್ದರು, ಬೈಯುತ್ತಿದ್ದರು. ಮನಸ್ಸು ಗಟ್ಟಿಯಾಗಲಿ ಎಂಬ ಲೆಕ್ಕ. 1997ರಲ್ಲಿ 21 ವರ್ಷದ ಟೈಗರ್ 12 ಹೊಡೆತಗಳ ಅಂತರದಲ್ಲಿ ಮಾಸ್ಟರ್ಸ್ ಎಂಬ ದೊಡ್ಡ ಟೂರ್ನಿ ಗೆದ್ದಾಗ, ಆ ತರಬೇತಿ ಎಷ್ಟೋ ಅಪ್ಪಂದಿರಿಗೆ ಸೂತ್ರದ ಹಾಗೆ ಕಂಡಿತು.

ಆದರೆ ಅವರು ಅರ್ಧ ಕಥೆಯನ್ನಷ್ಟೇ ತೆಗೆದುಕೊಂಡರು. ಚಿಕ್ಕ ಟೈಗರ್ ಅಪ್ಪನ ಆಫೀಸಿನ ಫೋನ್ ನಂಬರ್ ಬಾಯಿಪಾಠ ಮಾಡಿಕೊಂಡು, 'ಇವತ್ತು ಪ್ರಾಕ್ಟೀಸಿಗೆ ಕರೆದುಕೊಂಡು ಹೋಗ್ತೀಯಾ' ಎಂದು ತಾನೇ ಕೇಳುತ್ತಿದ್ದ. ಕಷ್ಟವಾದರೆ 'ಸಾಕು' ಅನ್ನಬಹುದು, ಅಂದ ಕೂಡಲೇ ಅಪ್ಪ ನಿಲ್ಲಿಸುತ್ತಾರೆ ಎಂಬ ಒಪ್ಪಂದವೂ ಇತ್ತು. ಆ ಮಾತನ್ನು ತಾನು ಒಮ್ಮೆಯೂ ಆಡಲಿಲ್ಲ ಎಂದು ಟೈಗರ್ ಮುಂದೆ ಬರೆದುಕೊಂಡಿದ್ದಾರೆ. ಬೈಗುಳ ಎಲ್ಲರೂ ಕಲಿತರು. ಆಸೆ ಮಗುವಿನದ್ದೇ ಆಗಿರಬೇಕು, ನಿಲ್ಲಿಸುವ ಹಕ್ಕೂ ಅದಕ್ಕೇ ಇರಬೇಕು ಎಂಬ ಭಾಗ ಬಿಟ್ಟುಹೋಯಿತು. ಆ ಹಕ್ಕು ಇದ್ದರೂ ಇಂಥ ತರಬೇತಿ ಮಗುವಿಗೆ ತಕ್ಕದ್ದೇ ಎಂಬ ಅನುಮಾನ ನನಗಿದೆ.

1998ರಲ್ಲಿ ದಕ್ಷಿಣ ಕೊರಿಯಾದ ಸರದಿ. ಆ ದೇಶ ಆಗ ಭಾರಿ ಆರ್ಥಿಕ ಸಂಕಷ್ಟದಲ್ಲಿತ್ತು. 20 ವರ್ಷದ ಪಾಕ್ ಸೆ ರಿ ಅಮೆರಿಕದ ಬ್ಲ್ಯಾಕ್‌ವುಲ್ಫ್ ರನ್ ಕೋರ್ಸಿನಲ್ಲಿ, ಶೂ-ಸಾಕ್ಸ್ ಬಿಚ್ಚಿ ನೀರಿಗಿಳಿದು ಚೆಂಡು ಹೊಡೆದು, 20 ಹೋಲ್‌ಗಳ ಪ್ಲೇಆಫ್ (ಸಮಬಲವಾದಾಗ ಆಡುವ ಹೆಚ್ಚುವರಿ ಆಟ) ಆಡಿ ಯು.ಎಸ್. ವಿಮೆನ್ಸ್ ಓಪನ್ ಗೆದ್ದರು. ಅದನ್ನು ಟಿವಿಯಲ್ಲಿ ನೋಡಿ ಗಾಲ್ಫ್‌ಗೆ ಬಂದ ಹುಡುಗಿಯರಿಗೆ 'ಸೆ ರಿ ಕಿಡ್ಸ್' ಎಂದೇ ಹೆಸರು. ಎಷ್ಟೋ ಮನೆಗಳಲ್ಲಿ ಅಪ್ಪಂದಿರು ಕೆಲಸ ಬಿಟ್ಟು ಮಗಳ ಬೆನ್ನಿಗೆ ನಿಂತರು. ಅವರೇ ಡ್ರೈವರ್, ಅವರೇ ಮ್ಯಾನೇಜರ್. ಇದರಿಂದ ಕೊರಿಯಾ ಮಹಿಳಾ ಗಾಲ್ಫ್ ಆಳಿದ್ದು ನಿಜ. ಅದಕ್ಕೆ ತೆತ್ತ ಬೆಲೆಯೂ ಇದೆ. ಸೆ ರಿ ಕಿಡ್ಸ್‌ನಲ್ಲಿ ಒಬ್ಬರಾದ ಚೋಯ್ ನಾ ಯಾನ್ 2012ರಲ್ಲಿ ಅದೇ ಕೋರ್ಸಿನಲ್ಲಿ ಅದೇ ಪ್ರಶಸ್ತಿ ಗೆದ್ದರು. ಮುಂದೆ ಬೆನ್ನುನೋವು, ಮನಸ್ಸಿನ ದಣಿವಿನಿಂದ ಕೆಲಕಾಲ ಆಟದಿಂದ ದೂರ ಉಳಿದರು. 2022ರಲ್ಲಿ ನಿವೃತ್ತರಾದರು.

ಹೊಸ ಶತಮಾನದಲ್ಲಿ ಕಂಪನಿಗಳೂ ಸೇರಿಕೊಂಡವು. 2001ರಲ್ಲಿ 17 ವರ್ಷದ ಟೈ ಟ್ರಯಾನ್ ಪುರುಷರ ವೃತ್ತಿಪರ ಟೂರ್ನಿಗಳ ಸರಣಿಯಾದ ಪಿಜಿಎ ಟೂರ್‌ಗೆ ಅರ್ಹತೆ ಗಳಿಸಿದ. ಆಮೇಲೆ ಪಿಜಿಎ ಟೂರ್ ಕೂಡ 18 ವರ್ಷದ ನಿಯಮ ತಂದಿತು. ಟ್ರಯಾನ್ ಎರಡು ವರ್ಷದೊಳಗೆ ಸ್ಥಾನ ಕಳೆದುಕೊಂಡು ಸಣ್ಣ ಟೂರ್‌ಗಳಿಗೆ ಇಳಿದ.

ಮಿಷೆಲ್ ವೀ ಕಥೆ ಇನ್ನೂ ದೊಡ್ಡದು. ಹವಾಯಿಯ ಈ ಹುಡುಗಿ 2004ರಲ್ಲಿ, 14ನೇ ವಯಸ್ಸಿಗೆ, ಸೋನಿ ಓಪನ್‌ನಲ್ಲಿ ಗಂಡಸರ ಜೊತೆ ಆಡಿದಳು. ಎರಡನೇ ದಿನ 68 ಹೊಡೆತಗಳಲ್ಲಿ ಸುತ್ತು ಮುಗಿಸಿದಳು. ಕಟ್, ಅಂದರೆ ಉಳಿದ ದಿನಗಳಲ್ಲಿ ಆಡುವ ಅರ್ಹತೆ, ತಪ್ಪಿದ್ದು ಒಂದೇ ಹೊಡೆತದಿಂದ. 2005ರಲ್ಲಿ, 16 ತುಂಬುವ ಮೊದಲೇ, ನೈಕಿ ಮತ್ತು ಸೋನಿ ಒಪ್ಪಂದದೊಂದಿಗೆ ವೃತ್ತಿಪರಳಾದಳು. 2007ರಲ್ಲಿ ಮಣಿಕಟ್ಟಿಗೆ ಪೆಟ್ಟಾಯಿತು. ಆದರೂ ಆಡಿದಳು, ಆಟ ಕೆಟ್ಟಿತು. ಆಗ ಬಂದ ಟೀಕೆಗಳಲ್ಲಿ ಎಷ್ಟೋ ಜನ ಆಕೆ ಇನ್ನೂ 17ರ ಹುಡುಗಿ ಎನ್ನುವುದನ್ನೇ ಮರೆತಿದ್ದರು. ಎಲ್‌ಪಿಜಿಎಯಲ್ಲಿ ಮೊದಲ ಗೆಲುವು ಸಿಕ್ಕಿದ್ದು 2009ರಲ್ಲಿ. ಅಷ್ಟರಲ್ಲಿ ಅವರು ಸ್ಟ್ಯಾನ್‌ಫರ್ಡ್ ಸೇರಿ ಓದುತ್ತಿದ್ದರು. 2014ರಲ್ಲಿ ಯು.ಎಸ್. ವಿಮೆನ್ಸ್ ಓಪನ್ ಗೆದ್ದರು.

18ರ ನಿಯಮವೂ ಗಟ್ಟಿಯಾಗಿ ಉಳಿಯಲಿಲ್ಲ. ಅರ್ಜಿ ಹಾಕಿದರೆ ವಿನಾಯಿತಿ ಸಿಗುತ್ತದೆ. 16ಕ್ಕೇ ಟೂರ್ನಿ ಗೆದ್ದ ಲೆಕ್ಸಿ ಥಾಂಪ್ಸನ್‌ಗೆ 2011ರಲ್ಲಿ ಸಿಕ್ಕಿತು, ಲಿಡಿಯಾ ಕೋಗೆ 2013ರಲ್ಲಿ. 12ಕ್ಕೇ ಯು.ಎಸ್. ವಿಮೆನ್ಸ್ ಓಪನ್ ಆಡಿದ್ದ ಲೆಕ್ಸಿ, 2018ರಲ್ಲಿ ಮನಸ್ಸಿಗೆ ವಿರಾಮ ಬೇಕು ಎಂದು ಮಹಿಳಾ ಬ್ರಿಟಿಷ್ ಓಪನ್ ಬಿಟ್ಟರು. 2024ರಲ್ಲಿ, 29ನೇ ವಯಸ್ಸಿಗೆ, ಪೂರ್ಣಾವಧಿ ಆಟ ನಿಲ್ಲಿಸುವುದಾಗಿ ಹೇಳಿದರು. ನ್ಯೂಜಿಲೆಂಡಿನ ಲಿಡಿಯಾ 17ಕ್ಕೇ ವಿಶ್ವದ ನಂಬರ್ 1. 2016ರ ಕೊನೆಯಲ್ಲಿ ಬೇರೆಯಾದ ಕೋಚ್ ಡೇವಿಡ್ ಲೆಡ್‌ಬೆಟರ್, ಏನು ತಿನ್ನಬೇಕು, ಯಾವಾಗ ಮಲಗಬೇಕು ಎಂಬುದನ್ನೂ ಅಪ್ಪ-ಅಮ್ಮನೇ ಹೇಳುತ್ತಾರೆ ಎಂದರು. ಕೆಲಸ ಕಳೆದುಕೊಂಡ ಕೋಚ್‌ನ ಮಾತು, ಪೂರ್ತಿ ನಂಬಬೇಕಿಲ್ಲ. ಆಮೇಲೆ ಲಿಡಿಯಾ ಆಟ ಇಳಿಯಿತು. 2018ರ ಒಂದು ಗೆಲುವಿನ ನಂತರ ಮತ್ತೆ ಎಲ್‌ಪಿಜಿಎ ಗೆಲುವು ಬಂದದ್ದು 2021ರಲ್ಲಿ. 2024ರಲ್ಲಿ, 27ನೇ ವಯಸ್ಸಿಗೆ, ಪ್ಯಾರಿಸ್ ಒಲಿಂಪಿಕ್ಸ್‌ನ ಚಿನ್ನ ಗೆದ್ದರು.

ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಕೂಡ 5ನೇ ವಯಸ್ಸಿಗೇ ಶುರು ಮಾಡಿದವರು. ರಿಯೊ ಒಲಿಂಪಿಕ್ಸ್‌ನಲ್ಲಿ ಅಪ್ಪ ಬ್ಯಾಗ್ ಹೊತ್ತರು, ಟೋಕಿಯೊದಲ್ಲಿ ಅಮ್ಮ. ಅಲ್ಲಿ ಅದಿತಿ 4ನೇ ಸ್ಥಾನ ಪಡೆದರು. ಹೀಗಾಗಿ ಮನೆಯವರು ಜೊತೆಗಿರುವುದೇ ತಪ್ಪು ಅನ್ನಲಾಗದು. ಅದಿತಿಯನ್ನು ನೋಡಿ ಈಗ ಇಲ್ಲಿನ ಮಕ್ಕಳೂ ಕ್ಲಬ್ ಹಿಡಿಯುತ್ತಿದ್ದಾರೆ. ಅಂಥ ಮನೆಗಳಿಗೆ ಒಂದು ವಿಷಯ ಹೇಳಬೇಕು. ಅಮೆರಿಕದ ಮಕ್ಕಳ ವೈದ್ಯರ ಸಂಘ 2016ರಲ್ಲಿ ಕೊಟ್ಟ ಸಲಹೆ ಇದು: 15-16 ವರ್ಷದವರೆಗೆ ಮಗುವನ್ನು ಒಂದೇ ಆಟಕ್ಕೆ ಕಟ್ಟಿಹಾಕಬೇಡಿ, ವಾರಕ್ಕೆ ಒಂದೆರಡು ದಿನ ರಜೆ ಕೊಡಿ, ವರ್ಷದಲ್ಲಿ ಒಟ್ಟು ಮೂರು ತಿಂಗಳು, ಒಂದೊಂದು ತಿಂಗಳಂತೆ, ಆ ಆಟದಿಂದ ದೂರ ಇಡಿ. ಅಮೆರಿಕದ ಉತ್ತರದ ರಾಜ್ಯಗಳಲ್ಲಿ ಹಿಮ ಬಿದ್ದಾಗ ಕೋರ್ಸ್ ತಾನಾಗಿಯೇ ಮುಚ್ಚುತ್ತದೆ, ಮಕ್ಕಳಿಗೆ ಬಿಡುವು ಸಿಗುತ್ತದೆ. ಬೆಂಗಳೂರಿನಲ್ಲಿ 12 ತಿಂಗಳೂ ಆಡಬಹುದು. ಇಲ್ಲಿ ಆ ಮೂರು ತಿಂಗಳನ್ನು ಅಪ್ಪ-ಅಮ್ಮನೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಬಿಡಬೇಕು.