1 ಅನ್ನು ಯಾರ ಮೇಜಿಗೂ ಕೊಡಬೇಡಿ

ಪರಿಚಯದವರೊಬ್ಬರು ಹೊಸ ಆಫೀಸು ಮಾಡಿದರು. ಮೂವತ್ತು ಮೇಜು, ಮೇಜಿಗೊಂದು ಫೋನು, ಎಲ್ಲವನ್ನೂ ಸೇರಿಸಲು ಒಂದು ಇಪಿಎಬಿಎಕ್ಸ್ ಪೆಟ್ಟಿಗೆ. ಎಕ್ಸ್‌ಟೆನ್ಷನ್ ನಂಬರುಗಳನ್ನು ಹಂಚಿದ್ದು ಮಾತ್ರ ಸಂಖ್ಯಾಶಾಸ್ತ್ರದವರು. 1 ಸೂರ್ಯನ ಅಂಕಿ, ಅದು ಯಜಮಾನರಿಗೇ ಇರಲಿ ಎಂದರು. 8 ಶನಿಯದು, ಯಾರಿಗೂ ಬೇಡ. ಉಳಿದವರಿಗೆ 11, 12, 13 ಹೀಗೆ ಮುಂದಕ್ಕೆ. ಮೊದಲ ದಿನವೇ ಅಕೌಂಟ್ಸ್ ಬೇಕೆಂದು 12 ಒತ್ತಿದವರಿಗೆಲ್ಲ ಯಜಮಾನರೇ ಸಿಕ್ಕರು. ಪೆಟ್ಟಿಗೆ ಕೆಟ್ಟಿದೆ ಎಂದು ಎಲ್ಲರೂ ಬೈದರು. ಅದು ಸರಿಯಾಗಿಯೇ ಇತ್ತು.

ನಾವು ನಂಬರನ್ನು ಹೆಸರಿನ ಹಾಗೆ ಬಳಸುತ್ತೇವೆ. ಯಂತ್ರಕ್ಕೆ ಅದು ದಾರಿ ಹೇಳಿದ ಹಾಗೆ. ಒಂದೊಂದು ಅಂಕಿಯೂ ಒಂದೊಂದು ತಿರುವು.

ಹಳೆಯ ಸ್ಟ್ರೋಜರ್ ಎಕ್ಸ್‌ಚೇಂಜಿನಲ್ಲಿ ಇದು ಕಣ್ಣಿಗೇ ಕಾಣುತ್ತಿತ್ತು. ಆಲ್ಮನ್ ಸ್ಟ್ರೋಜರ್ ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಶವಸಂಸ್ಕಾರದ ಏರ್ಪಾಟು ಮಾಡಿಕೊಡುತ್ತಿದ್ದವರು. ತಮಗೆ ಬರುವ ಕರೆಗಳನ್ನು, ಕೈಯಿಂದ ಕರೆ ಜೋಡಿಸುವ ಆಪರೇಟರ್ ಎದುರಾಳಿಯ ಕಡೆ ತಿರುಗಿಸುತ್ತಿದ್ದಾರೆ ಎಂಬ ಸಿಟ್ಟಿಗೆ, ಆಪರೇಟರೇ ಬೇಡದ ಯಂತ್ರ ಮಾಡಿದರು ಎಂದು ಕಥೆ ಹೇಳುತ್ತಾರೆ. ಪೇಟೆಂಟ್ ಸಿಕ್ಕಿದ್ದು 1891ರಲ್ಲಿ. ಮುಂದೆ ಊರೂರಿಗೆ ಬಂದ ಸ್ಟ್ರೋಜರ್ ಯಂತ್ರದಲ್ಲಿ ನಡುವೆ ಒಂದು ಸರಳು. ನೀವು 3 ತಿರುಗಿಸಿದರೆ ಅದು ಟಕ ಟಕ ಎಂದು ಮೂರು ಮೆಟ್ಟಿಲು ಮೇಲೇರುತ್ತಿತ್ತು. ಆಮೇಲೆ 5 ತಿರುಗಿಸಿದರೆ ಐದು ಹೆಜ್ಜೆ ಪಕ್ಕಕ್ಕೆ. ಹತ್ತು ಮಹಡಿ, ಮಹಡಿಗೆ ಹತ್ತು ಮನೆ, ಒಟ್ಟು 100 ಫೋನು! ಬೆಂಗಳೂರಿನ ದೂರವಾಣಿನಗರದ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಕಾರ್ಖಾನೆಯಲ್ಲೂ ಇಂಥ ಯಂತ್ರಗಳು ತಯಾರಾಗುತ್ತಿದ್ದವು. 1986ರಲ್ಲಿ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ ಮೊದಲ ಗ್ರಾಮೀಣ ಡಿಜಿಟಲ್ ಎಕ್ಸ್‌ಚೇಂಜ್ ನಮ್ಮ ಕಿತ್ತೂರಿಗೆ ಬಂತು. ಸರಳು ಹೋಯಿತು, ಟಕ ಟಕ ಸದ್ದು ಹೋಯಿತು. ಅಂಕಿಗಳನ್ನು ಎಡದಿಂದ ಒಂದೊಂದಾಗಿ ಕೇಳಿಸಿಕೊಳ್ಳುವ ಕ್ರಮ ಉಳಿಯಿತು.

ಈಗ ಆ ಆಫೀಸಿನ ಗೊಂದಲಕ್ಕೆ ಬನ್ನಿ. ಮೊಬೈಲಿನಲ್ಲಿ ಕೊನೆಗೆ ಹಸಿರು ಬಟನ್ ಒತ್ತುತ್ತೇವೆ, 'ಇಷ್ಟೇ, ಮುಗೀತು' ಎಂದು ಹೇಳಿದ ಹಾಗೆ. ಮೇಜಿನ ಫೋನಿಗೆ ಆ ಬಟನ್ ಇಲ್ಲ. ನಂಬರ್ ಎಲ್ಲಿ ಮುಗಿಯಿತು ಎಂದು ಪೆಟ್ಟಿಗೆಯೇ ಊಹಿಸಬೇಕು. ಬಸ್ಸಿನಲ್ಲಿ ನೀವು 'ಮೈಸೂರು ರೋಡ್' ಅನ್ನಲು ಬಾಯಿ ತೆರೆದಿದ್ದೀರಿ, 'ಮೈಸೂರು' ಕೇಳಿದ್ದೇ ಕಂಡಕ್ಟರ್ ಟಿಕೆಟ್ ಹರಿದುಬಿಟ್ಟರೆ ಹೇಗೆ? 'ಮರ' ಎಂದು ಕೇಳಿದ ಕೂಡಲೇ ಕೊಡಲಿ ಹಿಡಿದು ಹೊರಟವನಿಗೆ 'ಮರಳು' ತರಲು ಹೇಳುವುದು ಹೇಗೆ? 1 ಒಂದು ಪೂರ್ತಿ ನಂಬರ್ ಆದರೆ 11, 12ರ ದಾರಿಯೇ ಮುಚ್ಚಿತು. ಒಂದು ನಂಬರ್ ಇನ್ನೊಂದರ ತಲೆಯಾಗಬಾರದು. ಕೆಲವು ಪೆಟ್ಟಿಗೆಗಳು ಇಂಥ ಹಂಚಿಕೆಯನ್ನು ಒಪ್ಪುವುದೇ ಇಲ್ಲ. ಕೆಲವು ಒಂದೆರಡು ಸೆಕೆಂಡ್ ಸುಮ್ನೆ ಕಾದು ನೋಡುತ್ತವೆ.

ಹೊರಗಿನಿಂದ ಬರುವ ಕರೆಗೂ ಇದೇ ಲೆಕ್ಕ. ಒಂದು ಪಿಆರ್‌ಐ ಲೈನಿನಲ್ಲಿ, ಅಂದರೆ ಆಫೀಸಿಗೆ ಹಲವು ಕರೆಗಳನ್ನು ಒಟ್ಟಿಗೆ ತರುವ ಒಂದೇ ಲೈನಿನಲ್ಲಿ, ಒಮ್ಮೆಗೆ 30 ಕರೆ ನಡೆಯುತ್ತವೆ. ಆದರೂ ಅದಕ್ಕೆ 100 ನಂಬರ್ ಪಡೆಯಬಹುದು, ನೂರು ಜನ ಒಟ್ಟಿಗೆ ಫೋನಿನಲ್ಲಿರುವುದು ಅಪರೂಪ ತಾನೆ. ಹೊರಗಿನ ಎಕ್ಸ್‌ಚೇಂಜ್ ಕೊನೆಯ ಕೆಲವು ಅಂಕಿಗಳನ್ನು ಆಫೀಸಿನ ಪೆಟ್ಟಿಗೆಗೆ ದಾಟಿಸಿದರೆ ಸಾಕು. ಯಾವ ಮೇಜು ಎಂದು ಅದು ಹುಡುಕಿಕೊಳ್ಳುತ್ತದೆ.

ನನಗೆ ಜಾಸ್ತಿ ಚಿಂತೆಯಾದದ್ದು ಬೇರೆ ಕಾರಣಕ್ಕೆ. ನಮ್ಮ ದೇಶದಲ್ಲಿ ತುರ್ತು ಸೇವೆಯ ಚಿಕ್ಕ ನಂಬರುಗಳು 1ರಿಂದಲೇ ಶುರುವಾಗುತ್ತವೆ: 100, 101, 108, ಈಗ ಎಲ್ಲಕ್ಕೂ 112. ಆ ಆಫೀಸಿನಲ್ಲಿ ಬೆಂಕಿ ಬಿದ್ದು ಯಾರಾದರೂ 112 ಒತ್ತಿದ್ದರೆ ಯಜಮಾನರ ಫೋನು ರಿಂಗ್ ಆಗುತ್ತಿತ್ತು. ಅವರು ಊರಲ್ಲಿಲ್ಲದಿದ್ದರೆ?

ಇದು ಬರೀ ಊಹೆಯಲ್ಲ. 2013ರಲ್ಲಿ ಅಮೆರಿಕದ ಟೆಕ್ಸಾಸ್‌ನ ಒಂದು ಹೋಟೆಲ್ ಕೋಣೆಯಲ್ಲಿ ಒಬ್ಬ ತಾಯಿಯ ಮೇಲೆ ಮಾರಣಾಂತಿಕ ಹಲ್ಲೆಯಾಯಿತು. ಒಂಬತ್ತು ವರ್ಷದ ಮಗಳು ಕೋಣೆಯ ಫೋನಿನಿಂದ ಅಲ್ಲಿನ ತುರ್ತು ನಂಬರ್ 911 ಒತ್ತಿದಳು. ನಾಲ್ಕು ಸಲ ಒತ್ತಿದಳು. ಕರೆ ಹೋಗಲಿಲ್ಲ. ಹೊರಗಿನ ಲೈನಿಗೆ ಮೊದಲು ಇನ್ನೊಂದು 9 ಒತ್ತಬೇಕಿತ್ತು. ಅದು ಆ ಮಗುವಿಗೆ ಹೇಗೆ ಗೊತ್ತಾಗಬೇಕು? ತಾಯಿ ಉಳಿಯಲಿಲ್ಲ. ಆಕೆಯ ಹೆಸರಿನಲ್ಲೇ 2018ರಲ್ಲಿ 'ಕ್ಯಾರೀಸ್ ಲಾ' ಬಂತು. ಇಂಥ ಪೆಟ್ಟಿಗೆಗಳನ್ನು ಹೊಸದಾಗಿ ಕೂರಿಸುವಾಗ 911 ನೇರವಾಗಿ ಹೋಗುವಂತೆ ಮಾಡಲೇಬೇಕು ಎಂದು ಆ ಕಾನೂನು ಹೇಳುತ್ತದೆ.

ನಮ್ಮ ಆಫೀಸುಗಳಲ್ಲಿ ಹೊರಗಿನ ಲೈನಿಗೆ ಬಹಳ ಕಡೆ 0 ಒತ್ತುತ್ತೇವೆ. ನಿಮ್ಮ ಮೇಜಿನಿಂದ 0 ಇಲ್ಲದೆ 112 ಹೋಗುತ್ತದೆಯೇ? ಫೋನು ನೋಡಿಕೊಳ್ಳುವ ಟೆಕ್ನಿಷಿಯನ್‌ ಅವರನ್ನು ಇವತ್ತೇ ಕೇಳಿ, ದಯವಿಟ್ಟು.

ಆ ಪರಿಚಯದವರಿಗೆ ಇದನ್ನೆಲ್ಲ ಕೂತು ವಿವರಿಸಿದೆ. ಅವರು ಒಪ್ಪಿದರು. ಈಗ ಅವರ ಎಕ್ಸ್‌ಟೆನ್ಷನ್ 201, ಅಕೌಂಟ್ಸ್ 212. 1 ಯಾರದೂ ಅಲ್ಲ. ಟೆಕ್ನಿಷಿಯನ್ 112 ಒತ್ತಿದರೂ 0112 ಒತ್ತಿದರೂ ಕರೆ ಹೊರಗೆ ಹೋಗುವಂತೆ ಮಾಡಿಕೊಟ್ಟರು. ಗಾಬರಿಯಲ್ಲಿ ಕೈ ಯಾವುದನ್ನು ಒತ್ತುತ್ತದೋ ಹೇಳಲಾಗುವುದಿಲ್ಲ.